ಅಕ್ಕಾ, ಅದು ಯಾಕೆ ಏಳ್ತಿಲ್ಲ?

1/11

ಫೋಟೋದಲ್ಲಿ ಚಿರತೆ ಹುಡುಕ್ಬೇಡಿ, ಇಲ್ಲ. ಇರೋದು ಒಂದು ಜಾಲರಿ, ಅದರ ಮುಂದೆ ಐವತ್ತು ಅರವತ್ತು ಮಕ್ಕಳ ಬೆನ್ನು, ಪಕ್ಕದಲ್ಲಿ ದುಪಟ್ಟಾ ಸೊಂಟಕ್ಕೆ ಕಟ್ಕೊಂಡು ಕೈ ಮೇಲೆತ್ತಿರೋ ನಾನು. "ಭಾನುವಾರ ಭಾನುವಾರ ಎಲ್ಲೋಗ್ತೀಯೇ ನೀನು?" ಅಂತ ಕೇಳೋರಿಗೆಲ್ಲ ಒಂದೇ ಸಲ ಹೇಳಿ ಮುಗಿಸೋಣ ಅಂತ ಈ ಸರಣಿ. ಒಂದು ಕ್ಯಾಪ್ಷನ್ನಿಗೆ 2200 ಅಕ್ಷರ ಮೀರಿದ್ರೆ ಇನ್‌ಸ್ಟಾ ಒಪ್ಪಲ್ಲ, ಅದಕ್ಕೇ ತುಂಡು ತುಂಡಾಗಿ ಹಾಕ್ತಿದ್ದೀನಿ.

ನಮ್ಮೂರು ಆನಗೋಡು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿ 48 ಹಿಡಿದು ಹೊರಟ್ರೆ ಸಿಗುತ್ತೆ. ಹೊರಗಿನವರಿಗೆ ನಮ್ಮೂರು ಎರಡು ಕಾರಣಕ್ಕೆ ಗೊತ್ತು. ಒಂದು, 1992ರ ಗೋಲಿಬಾರಿನಲ್ಲಿ ಸತ್ತ ರೈತರು. ಪ್ರತಿ ಸೆಪ್ಟೆಂಬರ್‌ನಲ್ಲಿ ಅವರ ಸ್ಮರಣೆಗೆ ಹಸಿರು ಶಾಲಿನವರು ಬರ್ತಾರೆ. ಇನ್ನೊಂದು, ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯ. ಊರವರಿಗೆ ಬರೀ 'ಝೂ'.

ನಾನು ಬಿಕಾಂ ನಾಲ್ಕನೇ ಸೆಮ್. ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಪ್ಲಾಸ್ಟಿಕ್ ಹೆಕ್ಕೋಕೆ ಅಂತ ಹೋದವಳು, ಅವತ್ತು ಬಂದಿದ್ದ ಒಂದು ಶಾಲೆ ಮಕ್ಕಳಿಗೆ ಸುಮ್ನೆ ಏನೋ ಹೇಳ್ತಾ ನಿಂತೆ. ಅಲ್ಲಿಂದ ಶುರು. ಸಂಬಳ ಇಲ್ಲ, ಐಡಿ ಕಾರ್ಡ್ ಇಲ್ಲ. ಪ್ರವಾಸದ ಸೀಸನ್ನಲ್ಲಿ ಶಾಲೆ ಬಸ್ಸು ಬಂದ್ರೆ ಮಕ್ಕಳನ್ನ ಸುತ್ತಾಡಿಸಿ, ಹೇಳಿ, ವಾಪಸ್ ಬಸ್ ಹತ್ತಿಸೋದು. ನನ್ನ ಜೊತೆ ಇನ್ನೊಬ್ಬ ಕ್ಲಾಸ್‌ಮೇಟ್ ಇದ್ದಾಳೆ. ಅವಳದ್ದು ಹರಿಹರ.

ಒಂದು ವಿಷ್ಯ ನೋಡಿ. ಮ್ಯೂಸಿಯಂಗೂ 'ಸಂಗ್ರಹಾಲಯ', ಝೂಗೂ 'ಸಂಗ್ರಹಾಲಯ'. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಮ್ಯೂಸಿಯಂನಲ್ಲಿ ಮಕ್ಕಳಿಗೆ ತೋರಿಸೋ ಕತ್ತಿ, ನಾಣ್ಯ ಇಟ್ಟಲ್ಲೇ ಇರ್ತವೆ. ನಮ್ಮಲ್ಲಿ ಹಂಗಿಲ್ಲ. ತೋರಿಸಬೇಕಾದ ವಸ್ತು ಎದ್ದು ಮರದ ಹಿಂದಕ್ಕೆ ಹೋಗಿ ಮಲಗುತ್ತೆ.

2/11

ಡಿಸೆಂಬರ್ ಬಂತು ಅಂದ್ರೆ ಬಸ್ಸು. ಹಾವೇರಿ, ರಾಣೆಬೆನ್ನೂರು ಕಡೆಯಿಂದ ಚಿತ್ರದುರ್ಗ ಕೋಟೆಗೆ ಹೊರಟವರು ದಾರೀಲಿ ಸಿಗುತ್ತಲ್ಲ ಅಂತ ಇಲ್ಲಿ ಇಳೀತಾರೆ. ಅಂದ್ರೆ ಅವರಿಗೆ ನಾವು ಊಟದ ಎಲೆಯಲ್ಲಿ ಉಪ್ಪಿನಕಾಯಿ. ಮೇಷ್ಟ್ರು ಬಸ್ಸಿಂದ ಇಳಿಯೋ ಮುಂಚೆನೇ ವಾಚ್ ನೋಡಿ ಹೇಳ್ತಾರೆ: "ನೋಡಮ್ಮ, ಮುಕ್ಕಾಲು ಗಂಟೆ. ಅದರೊಳಗೆ ಎಲ್ಲಾ ತೋರಿಸಿಬಿಡು."

ಲೆಕ್ಕ ಹಾಕಿ. ಎರಡು ಬಸ್ಸು, ನೂರಿಪ್ಪತ್ತು ಮಕ್ಕಳು, ನಾಲ್ಕು ಜನ ಮೇಷ್ಟ್ರು. ಇಳಿದ ತಕ್ಷಣ ಮೊದಲ ಪ್ರಶ್ನೆ ಯಾವ ಪ್ರಾಣೀದೂ ಅಲ್ಲ. "ಅಕ್ಕಾ, ಬಾತ್‌ರೂಮ್ ಎಲ್ಲೈತೆ?" ಬೆಳಿಗ್ಗೆ ನಾಲ್ಕೂವರೆಗೆ ಊರು ಬಿಟ್ಟ ಮಕ್ಕಳು ಅವು. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳೋದೂ ಇಲ್ಲ, ಮುಖ ನೋಡಿ ತಿಳ್ಕೋಬೇಕು. ಅದಕ್ಕೇ ಹದಿನೈದು ನಿಮಿಷ ಹೋಯ್ತು. ಉಳಿದಿದ್ದು ಮೂವತ್ತು. ನಡೆಯೋಕೆ ಹತ್ತು, ಗ್ರೂಪ್ ಫೋಟೋಕ್ಕೆ ಐದು. ಮಾತಿಗೆ ಉಳಿಯೋದು ಹದಿನೈದು ನಿಮಿಷ, ಕಾಸ್ಟ್ ಅಕೌಂಟಿಂಗ್ ಭಾಷೇಲಿ ಹೇಳೋದಾದ್ರೆ ತಲೆಗೆ ಏಳೂವರೆ ಸೆಕೆಂಡ್.

ಮೊದಮೊದಲು ನಾನು ಒಂದು ನೋಟ್‌ಬುಕ್ ತುಂಬಾ ಬರ್ಕೊಂಡಿದ್ದೆ. ತೂಕ ಎಷ್ಟು, ಆಯಸ್ಸು ಎಷ್ಟು, ವೈಜ್ಞಾನಿಕ ಹೆಸರು ಏನು. ಈಗ ಆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಟ್ಯಾಲಿ ಎಂಟ್ರಿ ಬರೀತಿದ್ದೀನಿ. ತೂಕ ಯಾವ ಮಗೂಗೂ ನೆನಪಿರಲ್ಲ. ಅವರಿಗೆ ಬೇಕಿರೋದು ಮೂರೇ. ಕಚ್ಚುತ್ತಾ? ಏನ್ ತಿನ್ನುತ್ತೆ? ಯಾಕೆ ಸುಮ್ನೆ ಬಿದ್ಕೊಂಡೈತೆ?

3/11

ಮೂರನೇ ಪ್ರಶ್ನೆ ಇದೆಯಲ್ಲ, ಅದೇ ನನ್ನ ದೊಡ್ಡ ತಲೆನೋವು.

ಚಿರತೆ ಹಗಲು ಮಲಗುತ್ತೆ. ಅದರ ಕೆಲಸ ಎಲ್ಲ ಸಂಜೆ ಮೇಲೆ, ರಾತ್ರಿ. ನೈಟ್ ಶಿಫ್ಟ್ ಮಾಡಿ ಬಂದವರನ್ನ ಮಧ್ಯಾಹ್ನ ಹನ್ನೆರಡಕ್ಕೆ ಎಬ್ಬಿಸಿದ ಹಾಗೆ. ಆದ್ರೆ ಮಕ್ಕಳು ನೋಡಿರೋದು ಮೊಬೈಲಲ್ಲಿ, ಅಲ್ಲಿ ಚಿರತೆ ಯಾವಾಗ್ಲೂ ಹಾರ್ತಾನೇ ಇರುತ್ತೆ. ಇಲ್ಲಿ ನೋಡಿದ್ರೆ ಒಂದು ಬಾಲದ ತುದಿ, ಒಂದು ಕಿವಿ. ಒಬ್ಬ ಶುರು ಮಾಡ್ತಾನೆ, "ಓಯ್!" ಅಂತ. ಅರ್ಧ ನಿಮಿಷದಲ್ಲಿ ನೂರಿಪ್ಪತ್ತು ಗಂಟಲು. ಶಿಳ್ಳೆ, ಚಪ್ಪಾಳೆ, ನೀರಿನ ಬಾಟ್ಲಿಯಿಂದ ಕಂಬಿ ಬಡಿಯೋದು. ಒಂದೊಂದ್ಸಲ ದೊಡ್ಡವರೇ ಕಲ್ಲು ಎತ್ಕೊಳ್ತಾರೆ.

ಕಾನೂನು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 38ಜೆ ಕಲಂ. ಝೂ ಪ್ರಾಣಿನ ಕೆಣಕೋದು, ತಿನ್ನಿಸೋದು, ಗದ್ದಲ ಮಾಡಿ ತೊಂದ್ರೆ ಕೊಡೋದು, ಕಸ ಎಸೆಯೋದು ಎಲ್ಲಾ ಅಪರಾಧ. ಆರನೇ ಕ್ಲಾಸ್ ಹುಡುಗನಿಗೆ ಕಲಂ ನಂಬರ್ ಹೇಳಿದ್ರೆ ಏನಾಗುತ್ತೆ ಅಂತ ನೀವೇ ಯೋಚ್ನೆ ಮಾಡಿ. "ಜೈಲಿಗೆ ಹಾಕ್ತಾರಾ ಅಕ್ಕಾ?" ಅಂತ ಕೇಳಿ ಇನ್ನೂ ಜೋರಾಗಿ ಕೂಗ್ತಾನೆ.

ಕಿರುಚಿ ಕಿರುಚಿ ನನ್ನ ಗಂಟಲು ಕೆಟ್ಟು ಎರಡು ಇಂಟರ್ನಲ್ಸಿಗೆ ವಿಕ್ಸ್ ಚೀಪ್ತಾ ಕೂತಿದ್ದೆ. ಆಮೇಲೆ ಅಲ್ಲಿನ ಕೀಪರ್ ಅಣ್ಣ ಒಬ್ಬರು ಒಂದು ಮಾತು ಹೇಳಿದ್ರು: "ನೀನು ಕೂಗಬ್ಯಾಡವ್ವ. ನೀನು ಕೂಗಿದ್ರೆ ಅವರು ನಿನಗಿಂತ ಜೋರು ಕೂಗ್ತಾರೆ. ಕುಂತ್ಕಂಡು ಮಾತಾಡು."

ನಿಜ. ಈಗ ಚಿರತೆ ಹತ್ತಿರ ಹೋಗೋ ಮುಂಚೆ, ಇನ್ನೂ ಇಪ್ಪತ್ತು ಹೆಜ್ಜೆ ಇರೋವಾಗ, ನಾನು ನೆಲದ ಮೇಲೆ ಕೂತ್ಕೊಂಡುಬಿಡ್ತೀನಿ. ಏನಾಯ್ತು ಅಂತ ಮಕ್ಕಳು ಸುತ್ತ ಸೇರ್ತಾರೆ. ಪಿಸುಮಾತಲ್ಲಿ ಹೇಳ್ತೀನಿ: ಒಳಗೆ ಒಂದು ಚಿರತೆ ಇದೆ, ಮಲಗಿದೆ, ನಿಮಗೆ ಕಾಣದ ಹಾಗೆ ಇದೆ. ಅದಕ್ಕೆ ಅಡಗೋದು ಬರುತ್ತೆ, ಹುಡುಕೋದು ನಿಮಗೆ ಬರುತ್ತಾ ನೋಡೋಣ. ಮೊದಲು ಕಿವಿ ಹುಡುಕಿದವರು ಕೈ ಎತ್ತಿ, ಬಾಯಿ ತೆರೆದ್ರೆ ಔಟು.

ಏಳೂವರೆ ಸೆಕೆಂಡಿನ ಮಕ್ಕಳು ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ನಿಲ್ತಾರೆ. ಪ್ರತಿ ಸಲ ಆಗಲ್ಲ. ಹತ್ತರಲ್ಲಿ ಆರು ಸಲ ಆಗುತ್ತೆ. ಉಳಿದ ನಾಲ್ಕರಲ್ಲಿ ಪಕ್ಕದ ಶಾಲೆಯವರು ಬಂದು "ಓಯ್" ಅಂತಾರೆ.

(ಇನ್ನೊಂದು: ಇಂಗ್ಲಿಷ್ ಮೀಡಿಯಂ ಮಕ್ಕಳು ಚಿರತೆಗೆ ಚೀತಾ ಅಂತಾರೆ. ಹೆಸರು ಹತ್ತಿರ ಹತ್ತಿರ ಇದೆಯಲ್ಲ, ತಪ್ಪೇನಿಲ್ಲ. ಚೀತಾ ಮುಖದಲ್ಲಿ ಕಣ್ಣಿಂದ ಬಾಯಿವರೆಗೆ ಕಣ್ಣೀರಿನ ಹಾಗೆ ಕಪ್ಪು ಗೆರೆ, ಮೈಮೇಲೆ ಗುಂಡಗಿನ ತುಂಬಿದ ಚುಕ್ಕೆ. ಚಿರತೆದು ಹೂವಿನ ಹಾಗೆ ಬಿಡಿಸಿದ ಚುಕ್ಕೆ, ಎರಡು ಚಿರತೆಯ ಚುಕ್ಕೆ ಒಂದೇ ಥರ ಇರಲ್ಲ. ಚೀತಾ ನಮ್ಮ ದೇಶದಲ್ಲಿ ನಿರ್ನಾಮ ಆಯ್ತು ಅಂತ 1952ರಲ್ಲಿ ಘೋಷಿಸಿದ್ರು. 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿದ್ದಾರೆ. ಇಷ್ಟು ಹೇಳೋಷ್ಟರಲ್ಲಿ ಮೇಷ್ಟ್ರು ವಿಸಿಲ್ ಊದ್ತಾರೆ.)

4/11

ಈಗ ಮನೆ ವಿಷ್ಯ.

ನಮ್ಮಪ್ಪಂದು ರಸ್ತೆ ಬದಿ ಸಣ್ಣ ಅಂಗಡಿ. ಟೀ, ಬೀಡಿ, ಬಿಸ್ಕತ್ತು, ಮಂಡಕ್ಕಿ ಪೊಟ್ಟಣ, ಮತ್ತೆ ಮೇಲಿಂದ ಕೆಳಗೆ ತೋರಣದ ಹಾಗೆ ಇಳಿಬಿಟ್ಟಿರೋ ಚಿಪ್ಸ್ ಪ್ಯಾಕೆಟ್ ಸರ. ಐದು ರೂಪಾಯಿದು, ಹತ್ತು ರೂಪಾಯಿದು. ಶಾಲೆ ಬಸ್ಸು ನಿಂತ ದಿನ ನಮ್ಮನೇಲಿ ವ್ಯಾಪಾರ ಚೆನ್ನಾಗಿ ಆದ ದಿನ. ನನ್ನ ಸೆಮಿಸ್ಟರ್ ಫೀಸ್ ಕಟ್ಟಿದ್ದು ಈ ಸರಗಳೇ ಅಂತ ಅಮ್ಮ ಹೇಳೋದು ಸುಳ್ಳಲ್ಲ.

ಆ ಪ್ಯಾಕೆಟ್ಟು ಎಲ್ಲಿಗೆ ಹೋಗುತ್ತೆ? ಜಿಂಕೆ ಹತ್ತಿರ. ಮಕ್ಕಳಿಗೆ ಜಿಂಕೆ ಕಂಡ ಕೂಡ್ಲೇ ಕೈ ತಾನಾಗೇ ಪ್ಯಾಕೆಟ್ಟಿಗೆ ಹೋಗುತ್ತೆ. ಪಾಪ, ಕೆಟ್ಟ ಮನಸ್ಸಿಂದಲ್ಲ, ಹಂಚಿ ತಿನ್ನು ಅಂತ ನಾವೇ ಕಲ್ಸಿರೋದು. ಆದ್ರೆ ಜಿಂಕೆ ದನದ ಹಾಗೆ ಮೆಲುಕು ಹಾಕೋ ಪ್ರಾಣಿ. ಉಪ್ಪು ಹತ್ತಿದ ಕವರ್ ಸಿಕ್ರೆ ಕವರ್ ಸಮೇತ ನುಂಗುತ್ತೆ. ಅದು ಕರಗಲ್ಲ, ಹೊಟ್ಟೇಲಿ ಗಂಟಾಗಿ ಕೂರುತ್ತೆ. ಆಮೇಲೆ ಎಷ್ಟು ಮೇವು ಹಾಕಿದ್ರೂ ತಿನ್ನೋಕಾಗಲ್ಲ, ಹೊಟ್ಟೆ ತುಂಬಿದ್ದೂ ಹಸಿವಿನಿಂದ ಸಾಯುತ್ತೆ. ನಮ್ಮ ದಾವಣಗೆರೆ ಮಾರ್ಕೆಟ್ಟಿನ ಬೀದಿ ಹಸುಗಳ ಕತೆನೂ ಅದೇ.

ಹಂಗಾಗಿ ಗೇಟ್ ಹೊರಗೆ ಅಪ್ಪ ಮಾರಿದ್ದನ್ನ ಗೇಟ್ ಒಳಗೆ ಮಗಳು ಕಿತ್ಕೊಳ್ತಾಳೆ. ಊರಲ್ಲಿ ಇದು ದೊಡ್ಡ ಜೋಕು.

ಕಿತ್ಕೊಂಡ್ರೆ ಮಕ್ಕಳು ಅಳ್ತಾರೆ. ಪ್ರವಾಸಕ್ಕೆ ಅಂತ ಅಮ್ಮ ಕೊಟ್ಟ ಇಪ್ಪತ್ತು ರೂಪಾಯಿಲಿ ಹತ್ತು ಅದು. ಅದಕ್ಕೆ ಒಂದು ವ್ಯವಸ್ಥೆ ಮಾಡಿದ್ವಿ. ಗೇಟ್ ಹತ್ತಿರ ಎರಡು ಈರುಳ್ಳಿ ಚೀಲ. ಪ್ಯಾಕೆಟ್ ಕೊಡು, ಅದರ ಮೇಲೆ ಮಾರ್ಕರಿಂದ ನಂಬರ್, ನಿನ್ನ ಅಂಗೈ ಮೇಲೂ ಅದೇ ನಂಬರ್. ವಾಪಸ್ ಬರುವಾಗ ಅಂಗೈ ತೋರಿಸು, ತಗೋ. ಇನ್ವೆಂಟರಿ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ನನಗೆ ಬಂದಿದ್ದು ಐವತ್ತೆಂಟು, ಆದ್ರೆ ಈ ಗೋಡೌನಿನಲ್ಲಿ ಇಲ್ಲಿವರೆಗೆ ಒಂದು ಪ್ಯಾಕೆಟ್ಟೂ ಶಾರ್ಟ್ ಬಂದಿಲ್ಲ.

ಅಪ್ಪ ಏನಂದ್ರು ಅಂತ ಕೇಳ್ತೀರಲ್ಲ? ಮೊದಲು ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರೇ ಶುರು ಮಾಡಿದ್ರು: "ಏ ತಮ್ಮಾ, ಈಗ್ಲೇ ತಗಬ್ಯಾಡ, ಒಳಗೆ ಬಿಡಲ್ಲ. ನೋಡ್ಕಂಡು ಬಾ, ಆಮೇಲೆ ತಗ." ವ್ಯಾಪಾರ ಕಡಿಮೆ ಆಗ್ಲಿಲ್ಲ, ಒಂದು ಗಂಟೆ ಮುಂದಕ್ಕೆ ಹೋಯ್ತು ಅಷ್ಟೇ.

5/11

ಮೇಷ್ಟ್ರುಗಳ ಬಗ್ಗೆ ಸ್ವಲ್ಪ.

ಕೆಲವರು ಮರದ ನೆರಳಲ್ಲಿ ಕೂತು ಫೋನ್ ನೋಡ್ತಾರೆ. ಬೈಕೊಳ್ಳಬೇಡಿ ಅವರನ್ನ. ರಾತ್ರಿ ಎಲ್ಲ ಬಸ್ಸಲ್ಲಿ ವಾಂತಿ ಮಾಡೋ ಮಕ್ಕಳಿಗೆ ಕವರ್ ಹಿಡಿದು, ಬೆಳಿಗ್ಗೆಯಿಂದ ಇಪ್ಪತ್ತು ಸಲ ತಲೆ ಎಣಿಸಿದವರು. ನನಗೆ ಆ ಮುಕ್ಕಾಲು ಗಂಟೆ ಕೆಲಸ, ಅವರಿಗೆ ಅದು ದಿನದಲ್ಲಿ ಸಿಗೋ ಒಂದೇ ವಿಶ್ರಾಂತಿ.

ನನಗೆ ಕಷ್ಟ ಆಗೋದು ಇನ್ನೊಂದು ಥರದವರು. ನಾನು ಮಕ್ಕಳಿಗೆ ಪ್ರಶ್ನೆ ಕೇಳಿದ್ರೆ ಉತ್ತರ ಅವರೇ ಹೇಳ್ತಾರೆ. ಯಾವುದಾದ್ರೂ ಮಗು ತಪ್ಪು ಹೇಳಿದ್ರೆ ತಲೆಗೊಂದು ಮೊಟಕು. ಆ ಮೊಟಕು ಬಿದ್ದ ಮೇಲೆ ಆ ಶಾಲೆಯಿಂದ ಇನ್ನೊಂದು ಪ್ರಶ್ನೆ ಬರಲ್ಲ. ನಾನು ಇಪ್ಪತ್ತರ ಹುಡುಗಿ, ಅವರಿಗೆ ಏನಂತ ಹೇಳ್ಲಿ? "ಸರ್, ಇನ್ನೊಂದು ಗುಂಪಿಗೆ ನೀವೇ ಹೇಳಿಕೊಡ್ತೀರಾ, ನಿಮಗೆ ಚೆನ್ನಾಗಿ ಗೊತ್ತಿದೆ" ಅಂತ ಅಂದು ದೂರ ಕಳಿಸ್ತೀನಿ. ಖುಷಿಯಾಗಿ ಹೋಗ್ತಾರೆ.

6/11

ಹಳ್ಳಿ ಶಾಲೆ ಮಕ್ಕಳು ಬಂದ್ರೆ ನಾನು ಬಾಯಿ ಮುಚ್ಕೊಂಡು ಕಲಿಯೋದೇ ಜಾಸ್ತಿ.

ಕೃಷ್ಣಮೃಗ ತೋರಿಸಿ "ಇದು ಯಾವುದು ಹೇಳಿ" ಅಂದೆ. ದಾವಣಗೆರೆ ಸಿಟಿ ಮಕ್ಕಳು "ಜಿಂಕೆ" ಅಂದ್ರು. ರಾಣೆಬೆನ್ನೂರು ಕಡೆ ಮಕ್ಕಳು ಒಂದೇ ಧ್ವನಿಯಲ್ಲಿ "ಚಿಗರಿ!" ಹುಬ್ಬಳ್ಳಿ ಧಾರವಾಡದ ಬಸ್ಸಿಗೆ ಇಟ್ಟ ಹೆಸರು ಇದೇ ಪ್ರಾಣೀದು. ಅವರೂರಿನ ಪಕ್ಕ 1974ರಿಂದ ಕೃಷ್ಣಮೃಗಕ್ಕೇ ಅಂತ ಅಭಯಾರಣ್ಯ ಇದೆ, ಹೊಲದಲ್ಲಿ ದಿನಾ ನೋಡ್ತಾರೆ. ಒಬ್ಬ ಹುಡುಗ ಅಂದ, "ಇದನ್ನ ನೋಡಾಕ ಇಷ್ಟು ದೂರ ಯಾಕ ಬರಬೇಕ್ರಿ ಅಕ್ಕಾರ, ನಮ್ಮ ಗೋವಿನಜೋಳದಾಗ ಮುಂಜಾನೆ ಮೂವತ್ತು ಇರ್ತಾವು." ಎಲ್ಲರೂ ನಕ್ರು. ಅವನ ಹತ್ತಿರನೇ ಕೇಳಿದೆ, ಓಡಿಸೋದು ಹೆಂಗೆ, ಮರಿ ಎಲ್ಲಿ ಅಡಗಿಸುತ್ತೆ ಅಂತ. ಅವತ್ತಿನ ಗೈಡ್ ಅವನೇ.

ನನ್ನ ಹತ್ತಿರ ಇರೋ ಒಂದು ಒಳ್ಳೆ ಪ್ರಶ್ನೆ ಕೊಂಬಿಂದು. ಚುಕ್ಕೆ ಜಿಂಕೆ ಮತ್ತೆ ಕೃಷ್ಣಮೃಗ, ಎರಡನ್ನೂ ನೋಡಿ, ಕೊಂಬಲ್ಲಿ ಏನು ವ್ಯತ್ಯಾಸ? ಜಿಂಕೆಯ ಕೊಂಬು ಮರದ ರೆಂಬೆ ಹಾಗೆ ಕವಲೊಡೆದಿರುತ್ತೆ, ಪ್ರತಿವರ್ಷ ಉದುರಿ ಮತ್ತೆ ಬೆಳೆಯುತ್ತೆ. ಹೊಸದು ಬರೋವಾಗ ಮೇಲೆ ಮಖಮಲ್ಲಿನ ಥರ ಚರ್ಮ ಇರುತ್ತೆ. ಕೃಷ್ಣಮೃಗದ ಕೊಂಬು ಹುರಿ ಹೊಸೆದ ಹಾಗೆ ಸುತ್ತು, ಕವಲಿಲ್ಲ, ಸಾಯೋವರೆಗೂ ಉದುರಲ್ಲ. "ಹಂಗಾರೆ ಇದು ನಮ್ ಆಡಿನ ಜಾತಿ" ಅಂತ ಒಬ್ಬಳು ತಾನಾಗೇ ಹೇಳಿದ್ಲು. ಹೌದು, ಆಡು ಕುರಿ ದನ ಇರೋ ಕುಟುಂಬವೇ. ಪುಸ್ತಕ ಓದಿ ಬಂದಿದ್ದಲ್ಲ ಅದು, ಆಡು ಕಾಯ್ದು ಬಂದಿದ್ದು.

7/11

ಮುಂದಿನದನ್ನ ಬರೀಬೇಕೋ ಬೇಡ್ವೋ ಅಂತ ಒಂದು ವಾರ ಯೋಚಿಸಿದೆ. ಆ ಹುಡುಗಿಯ ಹೆಸರು, ಊರು, ಶಾಲೆ ಯಾವುದೂ ಹಾಕಲ್ಲ. ಜಗಳೂರು ತಾಲ್ಲೂಕಿನ ಕಡೆಯವಳು, ಆರನೇ ಕ್ಲಾಸು, ಇಷ್ಟು ಸಾಕು.

ಜಗಳೂರಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮ ಇದೆ, ಗೊತ್ತಾ ನಿಮಗೆ? 2011ರಲ್ಲಿ ಘೋಷಣೆ ಆಗಿದ್ದು. ಕೊಂಡುಕುರಿ ಗಂಡಿಗೆ ನಾಲ್ಕು ಕೊಂಬು. ನಮ್ಮ ಜಿಲ್ಲೆಯ ಮಕ್ಕಳಿಗೆ ಆಫ್ರಿಕಾದ ಜಿರಾಫೆ ಗೊತ್ತು, ಇದು ಗೊತ್ತಿಲ್ಲ, ಅದಕ್ಕೆ ಎಲ್ಲ ಶಾಲೆಗೂ ಇದನ್ನ ಹೇಳೇ ಹೇಳ್ತೀನಿ. ಆ ಕುರುಚಲು ಕಾಡು, ಕಲ್ಲು ಗುಡ್ಡದಲ್ಲಿ ಕರಡಿನೂ ಇದೆ.

ಅವತ್ತು ಎರಡು ಶಾಲೆ ಒಟ್ಟಿಗೆ ಬಂದ್ವು. ಒಂದು ಸಿಟಿಯ ದೊಡ್ಡ ಶಾಲೆ, ಇನ್ನೊಂದು ಈ ಸರ್ಕಾರಿ ಶಾಲೆ. ಕರಡಿ ಹತ್ತಿರ ನನ್ನ ಮಾತು ಯಾವಾಗ್ಲೂ ಚೆನ್ನಾಗಿ ಓಡುತ್ತೆ. ಜಾಂಬವಂತನಿಂದ ಶುರು. ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರಲ್ಲ, ಯಾಕೆ ಹೇಳಿ? ಗೆದ್ದಲು ಹುತ್ತಕ್ಕೆ ಬಾಯಿಟ್ಟು ಸ್ಟ್ರಾದಲ್ಲಿ ಜ್ಯೂಸ್ ಎಳೆದ ಹಾಗೆ ಎಳೆಯೋಕೆ ಆ ಸಂದಿ ಬೇಕು. ಆ ಸದ್ದು ದೂರಕ್ಕೂ ಕೇಳುತ್ತೆ. ನಾನು ಸದ್ದು ಮಾಡಿ ತೋರಿಸ್ತೀನಿ, ಮಕ್ಕಳೆಲ್ಲ ಮಾಡ್ತಾರೆ. ಮರಿಗಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ಹೋಗುತ್ತೆ ಅಂದಾಗ "ಆಆಆ" ಅಂತಾರೆ. ಹಿಂದೆ ಊರೂರಿಗೆ ಮೂಗುದಾರ ಹಾಕಿ ಕರಡಿ ಕುಣಿಸ್ತಿದ್ರು, ಅಂಥ ಕರಡಿಗಳನ್ನ ಬಿಡಿಸಿ ಬನ್ನೇರುಘಟ್ಟದಲ್ಲಿ ಇಟ್ಟು ಸಾಕಿದ್ರು ಅಂತ ಹೇಳ್ತೀನಿ. ಮೇಷ್ಟ್ರುಗಳಿಗೆ ಅದು ಚಿಕ್ಕಂದಿನ ನೆನಪು, ಅವರೂ ಹತ್ತಿರ ಬರ್ತಾರೆ.

ಸಿಟಿ ಶಾಲೆಯ ಹುಡುಗೀರು "ಸೋ ಕ್ಯೂಟ್, ಟೆಡ್ಡಿ" ಅಂತಿದ್ರು. ಎಲ್ಲರೂ ಕಂಬಿ ಕಡೆ ಮುಖ ಮಾಡಿದ್ರೆ ಒಬ್ಬಳು ಮಾತ್ರ ಬೆನ್ನು ತಿರುಗಿಸಿ ನಿಂತಿದ್ಲು.

8/11

"ಯಾಕಮ್ಮಾ, ಭಯಾನಾ? ಏನೂ ಮಾಡಲ್ಲ, ನಡುವೆ ಕಂದಕ ಐತೆ" ಅಂದೆ.

"ಭಯ ಅಲ್ಲ."

"ಮತ್ತೆ?"

ಅವಳು ಆ 'ಕ್ಯೂಟ್' ಅಂದ ಹುಡುಗಿ ಕಡೆ ನೋಡಿ ಹೇಳಿದ್ಲು, "ಇದು ನಮ್ ತಾತನ ಕಣ್ಣು ತಗಂಡೈತೆ."

ಅವರ ಮೇಡಂ ಬಂದು ಭುಜ ಹಿಡಿದ್ರು. "ಸುಮ್ನಿರೇ, ಇಲ್ಲಿ ಯಾಕೆ ಅದೆಲ್ಲ." ಒಳ್ಳೆ ಮೇಡಂ ಅವರು, ಅವಳು ಅಳ್ತಾಳೆ ಅಂತ ಹೇಳಿದ್ದು. ನಾನು ಅವರನ್ನ ಕೇಳ್ಕೊಂಡೆ, "ಮೇಡಂ, ಅವಳಿಗೆ ಹೇಳ್ಬೇಕು ಅನ್ಸಿದ್ರೆ ಹೇಳ್ಲಿ ಬಿಡಿ." ಮೇಡಂ ಅವಳ ಮುಖ ನೋಡಿದ್ರು, ಕೈ ತೆಗೆದ್ರು.

ಹೇಳಿದ್ಲು. ಹೊಲದ ಮೋಟ್ರಿಗೆ ತ್ರೀ ಫೇಸ್ ಕರೆಂಟ್ ಬರೋದು ಅವರಿಗೆ ರಾತ್ರಿ ಪಾಳಿ. ತಾತ ಬೆಳಗಿನ ಜಾವ ನಾಲ್ಕಕ್ಕೆ ಮೋಟ್ರು ಹಾಕೋಕೆ ಹೋಗಿದ್ದ. ಬದುವಿನ ಮೇಲೆ ಕರಡಿ ಇತ್ತು, ಇವನಿಗೆ ಅದು ಕಾಣ್ಲಿಲ್ಲ, ಅದಕ್ಕೆ ಇವನು ಬಂದಿದ್ದು ಕೇಳ್ಲಿಲ್ಲ. ಎದ್ದು ನಿಂತು ಮುಖಕ್ಕೇ ಹಾಕ್ತು. ನಾಯಿ ಇದ್ದಿದ್ದಕ್ಕೆ ಉಳಿದ. ದಾವಣಗೆರೆ ಆಸ್ಪತ್ರೇಲಿ ಇಪ್ಪತ್ತು ದಿನ. ಒಂದು ಕಣ್ಣು ಹೋಯ್ತು, ಕೆನ್ನೆ ಹೊಲಿದ್ರು. ಈಗ ಊಟ ಮಾಡೋವಾಗ ಒಂದು ಕಡೆಯಿಂದ ಚೆಲ್ಲುತ್ತೆ, ಅದಕ್ಕೆ ಮದುವೆ ಮನೆಗೆ ಹೋಗಲ್ಲ.

ಮದುವೆ ಮನೆ ಮಾತು ಅವಳು ಎಷ್ಟು ಸಲೀಸಾಗಿ ಹೇಳಿದ್ಲು ಅಂದ್ರೆ, ಆಮೇಲೆ ನನಗೆ ಅದೇ ಉಳೀತು.

ಆಮೇಲೆ ಕರಡಿ ಕಡೆ ಮೊದಲ ಸಲ ತಿರುಗಿದ್ಲು. ಅಲ್ಲಿ ಅದು ಬೂದುಗುಂಬಳದ ಹೋಳೋ ಏನೋ ಮುಂಗಾಲಲ್ಲಿ ಹಿಡ್ಕೊಂಡು ತಿಂತಿತ್ತು. ಕೇಳಿದ್ಲು:

"ಇದಕ್ಕೆ ದಿನಾ ಯಾರು ಉಣ್ಣಾಕೆ ಕೊಡ್ತಾರೆ?"

"ಸರ್ಕಾರದ ಝೂ ಇದು. ಅವರೇ."

"ನಮ್ ತಾತಂಗೆ?"

9/11

ನನ್ನ ಹತ್ತಿರ ಇದ್ದ ಎಲ್ಲಾ ಸಾಲುಗಳನ್ನೂ ಮನಸ್ಸಲ್ಲಿ ತಿರುವಿ ಹಾಕಿದೆ. ಪ್ರಾಣಿಗಳು ನಮ್ಮ ಸ್ನೇಹಿತರು. ಕಾಡು ಅವುಗಳ ಮನೆ. ನಾವು ಅವಕ್ಕೆ ತೊಂದ್ರೆ ಕೊಡದಿದ್ರೆ ಅವು ನಮಗೆ ಕೊಡಲ್ಲ. ಈ ಕೊನೇದಂತೂ ಎಲ್ಲಾ ಝೂ ಬೋರ್ಡಿನಲ್ಲೂ, ಎಲ್ಲಾ ಪಠ್ಯದಲ್ಲೂ ಒಂದಲ್ಲ ಒಂದು ರೂಪದಲ್ಲಿ ಇರುತ್ತೆ. ಆ ತಾತ ಏನು ತೊಂದ್ರೆ ಕೊಟ್ಟಿದ್ದ? ನೀರು ಹಾಯಿಸೋಕೆ ಹೋಗಿದ್ದ.

"ನಂಗೂ ಗೊತ್ತಿಲ್ಲ ಕಣೇ" ಅಂದೆ. ಅದೇ ನಿಜ ಆಗಿತ್ತು.

ಸುತ್ತ ಗದ್ದಲ ನಿಂತಿತ್ತು. ಸಿಟಿ ಶಾಲೆ ಹುಡುಗ ಒಬ್ಬ, ಉಡಾಫೆ ಇರಲಿಲ್ಲ ಧ್ವನೀಲಿ, ಕೇಳಿದ: "ಹಾಗಾದ್ರೆ ಶೂಟ್ ಮಾಡ್ಬೇಕಿತ್ತಾ?" ಉತ್ತರ ನಾನು ಕೊಡ್ಲಿಲ್ಲ. ಅವಳೇ ಕೊಟ್ಲು. "ಒಂದು ಸಾಯಿಸಿದ್ರೆ ಇನ್ನೊಂದು ಬರ್ತೈತೆ. ನಮ್ ತಾತ ಈಗ ಮೊಬೈಲ್‌ನಾಗೆ ಹಾಡು ಜೋರಾಗಿ ಹಚ್ಕಂಡು ಹೋಗ್ತಾನೆ. ಸದ್ದು ಕೇಳಿದ್ರೆ ಅದೇ ದೂರ ಹೋಗ್ತೈತೆ. ಒಬ್ರೇ ಹೋಗಬಾರ್ದು. ಬ್ಯಾಟ್ರಿ ಬೇಕು. ಹಗಲೊತ್ತು ಕರೆಂಟ್ ಕೊಟ್ರೆ ಯಾವ್ದೂ ಬ್ಯಾಡ."

ಆ ಕೊನೇ ವಾಕ್ಯ ಇನ್ನೊಂದ್ಸಲ ಓದಿ. ಕರಡಿ ಮನುಷ್ಯನ ಸಂಘರ್ಷ ಅಂತ ಸೆಮಿನಾರ್ ಮಾಡ್ತಾರಲ್ಲ, ಅದರಲ್ಲಿ ಬರಬೇಕಾದ ಮಾತು. ನಾಲ್ಕು ಗಂಟೆ ಕತ್ತಲೆಗೆ ಒಬ್ಬ ಮುದುಕ ಹೊಲಕ್ಕೆ ಹೋಗೋ ಹಾಗೆ ಮಾಡಿದ್ದು ಕರಡಿ ಅಲ್ಲ. ಕರೆಂಟಿನ ಪಾಳಿ. ನಮ್ಮೂರಲ್ಲೂ ಅದೇ ಪಾಳಿ ಇದೆ, ನಮ್ಮ ದೊಡ್ಡಪ್ಪನೂ ರಾತ್ರಿ ಹೋಗ್ತಾರೆ, ಇಲ್ಲಿ ಹಾವಿನ ಭಯ ಅಷ್ಟೇ ವ್ಯತ್ಯಾಸ.

'ಕ್ಯೂಟ್' ಅಂದಿದ್ದ ಹುಡುಗಿ ಅವಳ ಪಕ್ಕ ಬಂದು ನಿಂತ್ಲು. ಏನೂ ಮಾತಾಡಲಿಲ್ಲ. ಹೇರ್ ಬ್ಯಾಂಡ್ ಚೆನ್ನಾಗಿದೆ ಅಂತ ಏನೋ ಅಂದ್ಲು ಆಮೇಲೆ. ಮಕ್ಕಳು ಹಂಗೇ.

10/11

ಬಸ್ ಹೊರಡೋ ಮುಂಚೆ ಆ ಮೇಡಂ ಹತ್ತಿರ ಪರಿಹಾರ ಬಂತಾ ಕೇಳಿದೆ. ಆಸ್ಪತ್ರೆ ಖರ್ಚಿಗೆ ಸ್ವಲ್ಪ ಬಂದಿರಬೇಕು, ಪೂರ್ತಿ ಗೊತ್ತಿಲ್ಲ, ಮನೇಲಿ ಓದಿದವರು ಯಾರೂ ಇಲ್ಲ ಅಂದ್ರು. ಕಾಡುಪ್ರಾಣಿಯಿಂದ ಗಾಯ ಆದ್ರೆ, ಬೆಳೆ ಹೋದ್ರೆ, ಕುರಿ ದನ ಸತ್ರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಅರ್ಜಿಗೆ 'ಇ-ಪರಿಹಾರ' ಅಂತ ಆನ್‌ಲೈನ್ ವ್ಯವಸ್ಥೆ ಇದೆ. ಆಸ್ಪತ್ರೆ ಕಾಗದ, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಎಲ್ಲಾ ಒಂದು ಕವರಲ್ಲಿ ಹಾಕಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಲಿ ಅಂತ ಒಂದು ಚೀಟಿ ಬರೆದುಕೊಟ್ಟೆ. ಬಿಕಾಂ ಓದಿದ್ದಕ್ಕೆ ಅವತ್ತು ಬಂದ ಉಪಯೋಗ ಅಷ್ಟು. ಮೇಡಂ ಅದನ್ನ ಮಡಿಸಿ ಹಾಜರಿ ಪುಸ್ತಕದೊಳಗೆ ಇಟ್ಕೊಂಡ್ರು. ಮುಂದೇನಾಯ್ತೋ ನನಗೆ ಸುದ್ದಿ ಬಂದಿಲ್ಲ.

ಅವತ್ತಿಂದ ಕರಡಿ ಹತ್ತಿರ ನನ್ನ ಮಾತು ಬದಲಾಗಿದೆ. ಜಾಂಬವಂತ ಇದ್ದಾನೆ, ಸ್ಟ್ರಾ ಜ್ಯೂಸ್ ಇದೆ. 'ಸ್ನೇಹಿತ' ಅನ್ನೋ ಪದ ತೆಗೆದುಹಾಕಿದ್ದೀನಿ. "ನಿಮ್ಮಲ್ಲಿ ಯಾರೂರಿಗಾದ್ರೂ ಕರಡಿ ಬಂದಿದೆಯಾ?" ಅಂತ ಮೊದಲು ಕೇಳ್ತೀನಿ. ಪ್ರತಿ ನಾಲ್ಕೈದು ಶಾಲೆಗೆ ಒಂದು ಕೈ ಏಳುತ್ತೆ. ಆ ಕೈಗೆ ಸಮಯ ಕೊಟ್ಟು, ಉಳಿದಿದ್ದನ್ನ ಬೇಕಾದ್ರೆ ಬಿಡ್ತೀನಿ. ಮುಕ್ಕಾಲು ಗಂಟೆಯಲ್ಲಿ ನವಿಲು ಬಿಟ್ಟುಹೋಗುತ್ತೆ. ಹೋಗ್ಲಿ, ನವಿಲು ಅವರ ಹೊಲದಲ್ಲೇ ಇರುತ್ತೆ.

ಹರಿಹರದ ಗೆಳತಿ ಕೇಳಿದ್ಲು, ಇಷ್ಟೆಲ್ಲ ತಲೆಬಿಸಿ ಯಾಕೆ, ನನ್ನ ಜೊತೆ ಬಾ ಅಂತ. ಅವಳು ಹರಿಹರೇಶ್ವರ ದೇವಸ್ಥಾನದಲ್ಲಿ ಮಕ್ಕಳಿಗೆ ತೋರಿಸ್ತಾಳೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು. ಅಲ್ಲಿ ಕಂಬ ನಿಂತಲ್ಲೇ ನಿಂತಿರುತ್ತೆ, ಮುಟ್ಟಿ ನೋಡಬಹುದು, ಕೂಗಿದ್ರೆ ಅದರ ನಿದ್ದೆ ಕೆಡಲ್ಲ, ಎಂಟುನೂರು ವರ್ಷದಿಂದ ಒಂದು ಮಗುವಿನ ತಾತನ್ನೂ ಪರಚಿಲ್ಲ. ಒಂದು ದಿನ ಹೋಗಿದ್ದೆ, ಚೆನ್ನಾಗೇ ಇತ್ತು. ಆದ್ರೆ ನನಗೆ ನಮ್ಮೂರಿಂದ ಬಸ್ ಚಾರ್ಜ್ ಆಗುತ್ತೆ, ಝೂ ಆದ್ರೆ ನಡ್ಕೊಂಡು ಹೋಗಬಹುದು. ಸತ್ಯ ಹೇಳ್ಬೇಕಂದ್ರೆ ಕಾರಣ ಅದೂ ಒಂದು.

ಅಪ್ಪನ ಪ್ರಶ್ನೆ ಬೇರೆ. "ನಿನ್ನ ಓರಗೆಯವರು ಭಾನುವಾರ ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ ಹಾಕಿ ನಾಲ್ಕು ಸಾವಿರ ತರ್ತಾರೆ. ನಿನಗೇನು ಬರುತ್ತೆ?" ಇದಕ್ಕೆ ಪುಸ್ತಕದಲ್ಲಿ ಆಪರ್ಚುನಿಟಿ ಕಾಸ್ಟ್ ಅಂತಾರೆ, ಅಪ್ಪ ಪುಸ್ತಕ ಓದದೇ ಸರಿಯಾಗಿ ಕೇಳಿದ್ರು. ಮಾರ್ಚಿನಲ್ಲಿ ಪ್ರವಾಸ ನಿಲ್ಲುತ್ತೆ, ಏಪ್ರಿಲ್ಲಿಂದ ನಾನೂ ಒಂದು ಆಫೀಸಿಗೆ ಹೋಗ್ತೀನಿ ಅಂತ ಒಪ್ಪಂದ ಆಗಿದೆ. ಡಿಸೆಂಬರ್ ಬಂದಾಗ ನೋಡೋಣ.

11/11

ಇದನ್ನ ಓದ್ತಿರೋರಲ್ಲಿ ಮೇಷ್ಟ್ರು, ಮೇಡಂ ಇದ್ರೆ: ದಯವಿಟ್ಟು ಮುಕ್ಕಾಲು ಗಂಟೆ ಅನ್ಬೇಡಿ, ಒಂದೂವರೆ ಕೊಡಿ. ಬೆಳಿಗ್ಗೆ ಬೇಗ ಬನ್ನಿ, ಹನ್ನೆರಡಕ್ಕೆ ಬಂದ್ರೆ ಬಾಲದ ತುದಿನೇ ಗತಿ. ಇಳಿಯೋ ಮುಂಚೆ ಬಸ್ಸಲ್ಲೇ ಹೇಳಿ, ಪ್ಯಾಕೆಟ್ ಬಸ್ಸಲ್ಲೇ ಇರ್ಲಿ ಅಂತ. ಮತ್ತೆ ಆ ಮೊಟಕು, ಅದನ್ನೂ ಬಸ್ಸಲ್ಲೇ ಬಿಟ್ಟು ಬನ್ನಿ.

ಈಗ ಒಂದು ಕೆಲಸದ ಮಾತು. ಬರೋ ಭಾನುವಾರ ಒಂದು ಉರ್ದು ಮೀಡಿಯಂ ಶಾಲೆಯ ಎಪ್ಪತ್ತು ಮಕ್ಕಳು ಬರ್ತಿದ್ದಾರೆ, ಮೂರು ನಾಲ್ಕನೇ ಕ್ಲಾಸಿನವರು. ಚಿರತೆಗೆ ತೇಂದುವಾ, ಜಿಂಕೆಗೆ ಹಿರನ್ ಅಂತ ಎರಡು ಪದ ಕಲ್ತಿದ್ದೀನಿ, ಅದರಾಚೆ ನನ್ನ ಉರ್ದು ಬೆಣ್ಣೆದೋಸೆ ಆರ್ಡರ್ ಮಾಡೋಷ್ಟಕ್ಕೇ ನಿಲ್ಲುತ್ತೆ. ಅದರ ಮುಂದಿನ ವಾರ ಒಂದು ತಾಂಡಾದ ಶಾಲೆ, ಚಿಕ್ಕ ಮಕ್ಕಳು, ಮನೇಲಿ ಲಂಬಾಣಿ ಮಾತಾಡೋರು. ಅದಂತೂ ನನಗೆ ಒಂದಕ್ಷರ ಬರಲ್ಲ. ದಾವಣಗೆರೆಯಲ್ಲಿ ಈ ಎರಡು ಭಾಷೆ ಬರೋ ಸ್ಟೂಡೆಂಟ್ಸ್ ಎಷ್ಟು ಜನ ಇದ್ದೀರಾ! ಪ್ರಾಣಿ ಬಗ್ಗೆ ಏನೂ ಗೊತ್ತಿರಬೇಕಿಲ್ಲ, ನೆಲದ ಮೇಲೆ ಕೂತು ಪಿಸುಮಾತಾಡೋಕೆ ಬಂದ್ರೆ ಸಾಕು.

ಬರೋದಾದ್ರೆ ಮೆಸೇಜ್ ಮಾಡಿ. ಬೆಳಿಗ್ಗೆ ಒಂಬತ್ತಕ್ಕೆ ಆನಗೋಡು ಸ್ಟಾಪಲ್ಲಿ ಇಳೀರಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಟೀ ನಮ್ಮಪ್ಪನ ಅಂಗಡೀಲಿ. ಚಿಪ್ಸ್ ಮಾತ್ರ ವಾಪಸ್ ಬರುವಾಗ.